ಬ್ಯಾನರ್ ಮೇಲಿನ ಬಂಗಡೆ

ಸಮುದ್ರ ಇಲ್ಲದಿದ್ದರೆ ಮಳೆಯಿಲ್ಲ, ಗಾಳಿಯಿಲ್ಲ, ನಾವೂ ಇಲ್ಲ ಅಂತ ಊರೂರಿಗೆ ಹೋಗಿ ಹೇಳುವುದು ನನ್ನ ಕೆಲಸ. ಅದನ್ನು ಮೀನುಗಾರರಿಗೇ ಹೇಳಿ ಬಾ ಅಂತ ಹೊನ್ನಾವರದ ಕಡೆ ಕಳಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ.

ಅಪ್ಸರಕೊಂಡದ ಹತ್ತಿರ ಹೆಂಗಸರು ಮೀನು ಒಣಹಾಕುವ ಬಯಲಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ನಿಂತೆ. ನನ್ನ ಹಿಂದೆ ಎರಡು ಗಳಕ್ಕೆ ದೊಡ್ಡ ಬ್ಯಾನರ್ ಕಟ್ಟಿಸಿದ್ದೆ. ಉಪ್ಪು ಹಚ್ಚಿದ ಬಂಗಡೆಯ ಬುಟ್ಟಿ ಹೊತ್ತು ಬಂದ ಮಾದೇವಿಯಕ್ಕ ಅದನ್ನು ನೋಡಿ, "ತಮಾ, ಇಲ್ಲಿ ಕಟ್ಟಬೇಡ. ಹನ್ನೊಂದಕ್ಕೆ ಕಡಲಗಾಳಿ ಏಳ್ತದೆ," ಅಂದಳು.

"ಅಕ್ಕಾ, ಆ ಗಾಳಿ ಎಂತಕ್ಕೆ ಏಳ್ತದೆ ಅಂತ ಹೇಳೂಕೇ ನಾನು ಬಂದದ್ದು," ಅಂದೆ.

"ಆತು, ಹೇಳು," ಅಂತ ಕೂತಳು.

ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೆಲದ ಬಿಸಿಗಾಳಿ ಮೇಲೇರುತ್ತದೆ, ಆಗ ಕಡಲಿನಿಂದ ತಂಪುಗಾಳಿ... ಅನ್ನುವಷ್ಟರಲ್ಲಿ ಬ್ಯಾನರ್ ಗಳದ ಸಮೇತ ನನ್ನ ತಲೆ ಮೇಲೆ ಬಿತ್ತು. ಒಳಗೆ ನಾನು ಒದ್ದಾಡುತ್ತಿದ್ದರೆ ಹೊರಗೆ ಎಲ್ಲರಿಗೂ ನಗು. ಮಾದೇವಿಯಕ್ಕ ಬಂದು ಮೊದಲು ಬ್ಯಾನರನ್ನು ಮುಟ್ಟಿ ನೋಡಿದಳು, ಆಮೇಲೆ ನನ್ನನ್ನು.

"ಗಟ್ಟಿ ಅದೆ. ನನ್ನ ತಾಡಪಾಲು ಹರಿದು ಎರಡು ದಿನ ಆತು. ಆ ತುದಿ ಹಿಡಿ, ತಮಾ."

ಹಿಡಿದೆ. ಮರಳ ಮೇಲೆ ಹಾಸಿ ಮೂಲೆಗಳಿಗೆ ಕಲ್ಲಿಟ್ಟೆವು. 'ಸಮುದ್ರವೇ ನಮ್ಮ ಉಸಿರು' ಅನ್ನುವ ಅಕ್ಷರಗಳ ಮೇಲೆ ಬಂಗಡೆಗಳು ಸಾಲಾಗಿ ಮಲಗಿದವು.

ಸಂಜೆ ಹೊರಡುವಾಗ ಬ್ಯಾನರ್ ಕೇಳಿದೆ. "ಇನ್ನೂ ಒಣಗಲಿಲ್ಲ, ನಾಳಿದ್ದು ಬಾ," ಅಂದಳು.

ಕಾರ್ಯಕ್ರಮದ ಪ್ರಯೋಜನ ಎಷ್ಟು ಜನರಿಗೆ ಆಯಿತು ಅಂತ ಕಚೇರಿಯ ಫಾರಂ ಕೇಳಿತ್ತು. ಬಂಗಡೆ ಎಣಿಸಿ ಬರೆದೆ.