ಚಂಪಿಗೆ ನಾನೊಬ್ಬನೇ ಸಾಕ್ಷಿ

ಮೊನ್ನೆ ಸ್ಟ್ರಾಟ್‌ಫರ್ಡ್‌ನ ಲೈಬ್ರರಿಯೊಂದರಲ್ಲಿ ಕವಿಯೊಬ್ಬರು ಪದ್ಯ ಓದುತ್ತ ಓದುತ್ತ ನಿಂತುಬಿಟ್ಟರು. ಸಾಲು ಮರೆತರು ಅಂದುಕೊಂಡೆ. ಮರೆಯುವವರನ್ನು ಕಂಡರೆ ನನಗೆ ಸಲಿಗೆ ಜಾಸ್ತಿ. (ಅದೇ ಬೆಳಿಗ್ಗೆ ಟ್ಯೂಬ್ ರೈಲಿನಲ್ಲಿ ಛತ್ರಿ ಬಿಟ್ಟು ಬಂದಿದ್ದೆ.)

ಅವರು ಮರೆತಿರಲಿಲ್ಲ. ತಾಯಿ ಹವಾಯಿಯವರು, ತಂದೆ ಚೀನೀ ಮೂಲದವರು. ಪದ್ಯದಲ್ಲಿ ಹವಾಯಿ ಭಾಷೆ, ಕ್ಯಾಂಟನೀಸ್, ಇಂಗ್ಲಿಷ್ ಮೂರೂ ಇದ್ದವು. ಹವಾಯಿಯಲ್ಲಿ ಮಾತಿಗೆ ಮೊದಲು ಹಿರಿಯರ ಹೆಸರು ಹೇಳುವ ಪದ್ಧತಿಯಂತೆ. ತಾಯಿಯ ಕಡೆಯ ಅಜ್ಜಿಯರೆಲ್ಲ ಹಾಡಿನಂತೆ ಬಂದರು. ತಂದೆಯ ಕಡೆಯ ವಂಶಾವಳಿಯಲ್ಲಿ ಗಂಡಸರಿಗೆ ಮಾತ್ರ ಹೆಸರು. ಹೆಂಗಸರೆಂದರೆ ಇಂಥ ಮನೆತನದಿಂದ ಬಂದವಳು, ಅಷ್ಟೇ. ಆ ಅಜ್ಜಿಯರ ಸರದಿ ಬಂದಾಗ ಇವರು ಒಂದು ಉಸಿರಿನಷ್ಟು ಸುಮ್ಮನಾಗುತ್ತಿದ್ದರು.

ಕೊನೆಗೆ ಕೇಳಲು ಬಂದಿದ್ದ ಮಕ್ಕಳಿಗೆ ಹೋಂವರ್ಕ್ ಕೊಟ್ಟರು. ಮುಂದಿನ ಶನಿವಾರ ಒಬ್ಬ ಮುತ್ತಜ್ಜಿಯ ಹುಟ್ಟುಹೆಸರು ತನ್ನಿ, ಎದ್ದುನಿಂತು ಹೇಳಿ.

"ಗಂಗಾಬಾಯಿ" ಅಂದೆ ಪಕ್ಕದಲ್ಲಿದ್ದ ಮಗಳು ಅನಘಾಗೆ. ನನ್ನ ತಾಯಿಯ ತಾಯಿ. ಎಷ್ಟು ಸುಲಭ!

ಆದರೂ ಸಟನ್‌ನ ನಮ್ಮ ಮನೆಗೆ ಬಂದು ವಿಜಯಪುರದ ಮಾವಶಿಗೆ, ನನ್ನ ತಾಯಿಯ ತಂಗಿಗೆ, ಫೋನ್ ಮಾಡಿದೆ. ತಾಯಿಯ ಕಡೆ ಈಗ ಉಳಿದವರು ಅವರೊಬ್ಬರೇ.

"ಗಂಗಾಬಾಯಿ ಅನ್ನೋದು ಅತ್ತಿಮನ್ಯಾಗ ಇಟ್ಟ ಹೆಸರೋ ತಮ್ಮಾ. ತವರಮನಿ ಹೆಸರು ಯಾರಿಗ್ಗೊತ್ತು? ನಾವಂತೂ ಅವ್ವಾ ಅಂತಿದ್ವಿ."

ಹೌದಲ್ಲ. ನಮ್ಮ ಕಡೆ ಮದುವೆಯಲ್ಲಿ ವರ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ವಧುವಿಗೆ ಹೊಸ ಹೆಸರು ಬರೆಯುತ್ತಾನೆ. ಆಮೇಲೆ ಆ ಅಕ್ಕಿಯನ್ನು ಒಟ್ಟು ಮಾಡುತ್ತಾರೆ. ಹಳೆಯ ಹೆಸರು ಎಲ್ಲಿಗೆ ಹೋಗುತ್ತದೆ?

"ಶೀ ಹ್ಯಾಡ್ ಎ ನೇಮ್, ರೈಟ್?" ಅಂದಳು ಅನಘಾ. ಎಲ್ಲರೆದುರು ನಿಂತು ಕವಿಯಂತೆ ಬರಿ ಉಸಿರು ಬಿಟ್ಟು ಕೂರಲು ಅವಳು ತಯಾರಿಲ್ಲ. ಅವಳಿಗೆ ಹೆಸರೇ ಬೇಕು.

ನನಗೊಂದು ನೆನಪಿದೆ. ಅಜ್ಜಿಯ ಅಣ್ಣ ಚೀಲದ ತುಂಬ ಬೋರೆಹಣ್ಣು ಹೊತ್ತು ಬಂದು, ಹೊಸ್ತಿಲಲ್ಲೇ ನಿಂತು, "ಚಂಪೀ, ನೀರ ಕೊಡ" ಅಂದಿದ್ದರು. ಅಜ್ಜಿ ನಕ್ಕಿದ್ದಳು. ಅವಳನ್ನು ಹಾಗೆ ಯಾರಾದರೂ ಕರೆದದ್ದನ್ನು ನಾನು ಕೇಳಿದ್ದು ಆಗ ಮಾತ್ರ. ಆದರೆ ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವನು. ಒಂದೇ ಸಾಕ್ಷಿ, ಅದೂ ಚಿಕ್ಕ ಹುಡುಗ, ಅದೂ ನಾನು. ನಂಬುವುದು ಹೇಗೆ? ಬೋರೆಹಣ್ಣಿನ ರುಚಿ ಖಂಡಿತ ನೆನಪಿದೆ. ಹೆಸರನ್ನು ನಾನೇ ಆಮೇಲೆ ಸೇರಿಸಿಕೊಂಡಿದ್ದರೆ?

ಅನಘಾಗೆ ಎರಡನ್ನೂ ಹೇಳಿದೆ, ಹೆಸರನ್ನೂ ಅನುಮಾನವನ್ನೂ. ಶನಿವಾರ ಅನಘಾ ಎದ್ದುನಿಂತು ಇಂಗ್ಲಿಷಿನಲ್ಲಿ ಹೇಳಿದಳು: "ಅವಳ ಹೆಸರು ಬಹುಶಃ ಚಂಪಿ. ನಮ್ಮಪ್ಪ ಒಬ್ಬರೇ ಸಾಕ್ಷಿ. ಅವರು ಛತ್ರಿ ಕೂಡ ಮರೆಯುತ್ತಾರೆ." ಎಲ್ಲರೂ ನಕ್ಕರು. ಕವಿ ಮಾತ್ರ ನಗದೆ, "ಚಂಪಿ" ಎಂದು ಮೆಲ್ಲಗೆ ಒಮ್ಮೆ ಹೇಳಿ ನೋಡಿದರು. ಇಷ್ಟು ವರ್ಷಗಳ ಮೇಲೆ ಬೇರೊಬ್ಬರ ಬಾಯಲ್ಲಿ ಆ ಹೆಸರು! ನನಗೆ ಗೆದ್ದಂತೆ ಆಯಿತು.

ಪಕ್ಕದಲ್ಲಿದ್ದ ಹೆಂಡತಿ ನನ್ನ ಕಡೆ ಬಾಗಿದಳು. "ಅಲ್ರೀ, ನೀವು ಅಕ್ಕಿಯೊಳಗ ನನಗೇನ ಹೆಸರ ಬರದಿದ್ರಿ?"

ಮದುವೆಯಾದ ಮೇಲೆ ಯಾರೂ ಬಳಸದ ಹೆಸರು. ಆದರೂ ತಟ್ಟನೆ ಹೊಳೆಯಿತು. "ರೇವತಿ."

"ಅದು ನಿಮ್ಮಣ್ಣ ತಮ್ಮ ಮದಿವ್ಯಾಗ ವೈನಿಗೆ ಬರದದ್ದು. ನನಗಲ್ಲ."

ನಾನೇ ಕೈಯಾರೆ ಬರೆದ ಹೆಸರಿನ ಗತಿಯೇ ಇದಾದರೆ, ಚಂಪಿ ನಿಜಕ್ಕೂ ಅಜ್ಜಿಯೋ, ಬೇರೆ ಯಾರೋ?