ಟಿ.ಸಿ. ತಂದ ಹಾಡು

ವಿದ್ಯುತ್ ಕಚೇರಿಯ ಮೆಟ್ಟಿಲ ಮೇಲೆ ಕುಳಿತ ಬಾಡ ಊರಿನ ಮಾದೇವಕ್ಕ, ಜತೆಗಿದ್ದ ನಾಲ್ಕು ಹೆಂಗಸರನ್ನು ಸೇರಿಸಿಕೊಂಡು ಹಾಡು ಶುರು ಮಾಡಿದಳು. ಊರಿನ ಟಿ.ಸಿ., ಅಂದರೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್, ಸುಟ್ಟು ಹದಿನೈದು ದಿನವಾಗಿತ್ತು. ಪಂಪು ನಿಂತು ಅವಳ ಬದನೆ, ಹರಿವೆ ಒಣಗುತ್ತಿದ್ದವು. ನಿವೃತ್ತ ಹೆಡ್‌ಮಾಸ್ತರನಾದ ನಾನು ಬರೆದುಕೊಟ್ಟ ಮೂರು ಅರ್ಜಿಗಳು ಫೈಲಿನಲ್ಲಿ ಸುಖನಿದ್ರೆಯಲ್ಲಿದ್ದವು.

ಮೊದಲ ನುಡಿಯಲ್ಲಿ ರೈಲಿನ ಟಿ.ಸಿ. ಬಂದು, ಕುಮಟೆಯಲ್ಲಿ ಹತ್ತಿದವರು ಭಟ್ಕಳ ಮುಟ್ಟುವುದರೊಳಗೆ ಟಿಕೆಟ್ ಕೇಳಿದ. ಎರಡನೆಯದು ಶಾಲೆ ಬಿಡುವಾಗಿನ ಟಿ.ಸಿ. ಕೇಳಿದ ದಿನವೇ ಬರೆದುಕೊಟ್ಟ ಮಾಸ್ತರನೆಂದು ನನಗೂ ಒಂದು ಸಾಲು ದಕ್ಕಿತು, ಸಭಾಮರ್ಯಾದೆಯಂತೆ ತಲೆಬಾಗಿದೆ. ಮೂರನೆಯದು ಕಂಬದ ಟಿ.ಸಿ. ಆಗ ಕಚೇರಿಯ ಸಾಹೇಬರು ಹೊರಬಂದರು.

“ಎಂತ ಹಾಡೇ ಇದು?”

“ಮದುವೆ ಹಾಡು, ಸಾಹೇಬ್ರೆ. ಟಿ.ಸಿ. ಕೊಡದವರ ಹೆಸರು ಮುಂದಿನ ಸಾಲಲ್ಲಿ ಬತ್ತದೆ. ಹೆಸರು ಹಲಗೆ ಮೇಲೆ ಅದೆ, ಮಾಸ್ತರ್ರು ಓದಿ ಹೇಳ್ತರು.”

ನಾನು ಕನ್ನಡಕ ಏರಿಸಿದೆ. ನಮ್ಮಲ್ಲಿ ಮದುವೆ ಹಾಡಿಗೆ ಸೇರಿದ ಹೆಸರನ್ನು ಹೊನ್ನಾವರದ ತನಕ ಪ್ರತಿ ಚಪ್ಪರದಲ್ಲೂ ಹಾಡುತ್ತಾರೆ. ಮನುಷ್ಯ ವರ್ಗವಾಗಿ ಹೋದರೂ ಹೆಸರು ಹೋಗುವುದಿಲ್ಲ. ಈ ಕಡೆಯವರೇ ಆದ ಸಾಹೇಬರಿಗೆ ಅದು ಗೊತ್ತಿತ್ತು. ಒಳಗೆ ಹೋಗಿ ಫೋನೆತ್ತಿದರು.

ಮರುದಿನವೇ ಲಾರಿಯಲ್ಲಿ ಹೊಸ ಟಿ.ಸಿ. ಬಂತು, ಪಂಪು ಓಡಿತು, ಬದನೆ ಉಳಿಯಿತು. ಕಳೆದ ವಾರ ಮದುವೆಮನೆಯಲ್ಲಿ ಅದೇ ಹಾಡು ಕೇಳಿದೆ. ಟಿ.ಸಿ. ಕೊಟ್ಟ ಪುಣ್ಯಾತ್ಮರೆಂದು ಸಾಹೇಬರ ಹೆಸರು ಸೇರಿಬಿಟ್ಟಿದೆ. ನನ್ನ ಮೂರು ಅರ್ಜಿಗಳ ಬಗ್ಗೆ ಮಾತ್ರ ಚಕಾರವಿಲ್ಲ.