ನನ್ನದೇ ರಕ್ತದ ಔಷಧಿ

ಎಡಗಾಲಿನ ಪಾದದ ಮೇಲಿನ ಹರಡಿನ ಒಳಮಗ್ಗುಲಲ್ಲಿ ಮೊದಲು ತುರಿಕೆ ಬಂತು. ಚರ್ಮ ಕಪ್ಪಾಯಿತು. ಒಂದು ದಿನ ಕೂತಲ್ಲೇ ಕೆರೆದುಕೊಂಡೆ. ಉಗುರು ತಾಗಿ ಗುಲಗಂಜಿಯಷ್ಟು ಗಾಯವಾಯಿತು.

ಅದು ಎರಡು ವರ್ಷ ಮಾಯಲಿಲ್ಲ.

ನಾನು ದೇವಣಗಾಂವದ ಹತ್ತಿರದ ಒಂದು ಊರಿನಲ್ಲಿ ಸರಕಾರಿ ನರ್ಸ್. ಇಪ್ಪತ್ತೆರಡು ವರ್ಷ ಮನೆಮನೆ ತಿರುಗಿ ಹೆರಿಗೆ ಮಾಡಿಸಿದವಳು, ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದುಕೊಂಡವಳು. ಊರಿನವರಿಗೆ ಸಿಸ್ಟರ್‌ಬಾಯಿ. ಗಂಡ ಮದುವೆಯಾದ ಮೂರನೇ ವರ್ಷ ತೀರಿಕೊಂಡರು. ಮಕ್ಕಳಿಲ್ಲ. ನನ್ನವರು ಅಂತ ಇದ್ದದ್ದು ಮುದ್ದೇಬಿಹಾಳದ ಅಣ್ಣ ಒಬ್ಬನೇ.

ಊರಿನವರ ಗಾಯಕ್ಕೆ ಅಂಗಳದಲ್ಲೇ ಪಟ್ಟಿ ಕಟ್ಟುತ್ತಿದ್ದ ನಾನು ನನ್ನ ಗಾಯವನ್ನು ಬಾಗಿಲು ಹಾಕಿಕೊಂಡು ತೊಳೆಯುತ್ತಿದ್ದೆ. ಅದು ಬೆಳೆಯಿತು. ಅಂಗೈಯಷ್ಟಾಯಿತು. ಮಧ್ಯಾಹ್ನದ ಹೊತ್ತಿಗೆ ಬ್ಯಾಂಡೇಜ್ ತೊಯ್ದು ವಾಸನೆ ಬರುತ್ತಿತ್ತು. ಸೀರೆಯನ್ನು ಇಳಿಬಿಟ್ಟು ಉಡುವುದನ್ನು ಕಲಿತೆ. ಸಿಂದಗಿ ಬಸ್ಸಿನಲ್ಲಿ ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದರೆ, ಕಾಣದವಳಂತೆ ಹೊರಗಿನ ಕಬ್ಬು ನೋಡುವುದನ್ನೂ ಕಲಿತೆ.

ದೀಪಾವಳಿಗೆ ಅಣ್ಣನ ಮನೆಗೆ ಹೋದೆ. ಅತ್ತಿಗೆ ನನ್ನ ಚಾಪೆ, ತಾಟು ಎರಡನ್ನೂ ಪಡಸಾಲೆಯಲ್ಲಿಟ್ಟಳು.

“ಇದು ಅಂಟೂದಲ್ಲ ಅತ್ತಿಗಿ,” ಅಂದೆ.

“ಗೊತ್ತೈತಿ ಬಿಡು. ಮನ್ಯಾಗ ಸಣ್ಣ ಮಕ್ಕಳದಾವು, ಅದಕ್ಕ.”

ಅಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. ಮರುದಿನ ಮೊದಲ ಬಸ್ಸಿಗೆ ವಾಪಸು ಬಂದೆ.

ಅದಾದ ಮೇಲೆ, ಒಂದು ಬೆಳಿಗ್ಗೆ, ಊರಿನ ಗಂಗವ್ವನ ಮಗಳಿಗೆ ಹೊಟ್ಟೆನೋವು ಶುರುವಾಗಿದೆ ಎಂದು ತಿಳಿದು ಚೀಲ ಹಿಡಿದು ಹೋದೆ. ಆ ಹುಡುಗಿ ಹುಟ್ಟಿದ್ದೂ ನನ್ನ ಕೈಯಲ್ಲೇ. ಈಗ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಗವ್ವ ಹೊಸ್ತಿಲಲ್ಲೇ ನಿಂತಿದ್ದಳು.

“ಒಳಗ ಬ್ಯಾಡ್ರಿ ಸಿಸ್ಟರ್‌ಬಾಯಿ. ಆಲಮೇಲದ ದವಾಖಾನಿಗೆ ಕರ್ಕೊಂಡು ಹೋಗ್ತೇವಿ. ನಿಮ್ಮ ಕಾಲು...”

ಅವಳ ಕಣ್ಣು ನನ್ನ ಸೀರೆಯ ಅಂಚಿನ ಮೇಲಿತ್ತು.

ಅವಳು ಹೇಳಿದ್ದು ಸರಿಯಾಗಿತ್ತು. ಕೀವು ಸೋರುವ ಕಾಲಿಟ್ಟುಕೊಂಡು ಬಾಣಂತಿಯ ಕೋಣೆಗೆ ಬೇರೆ ನರ್ಸ್ ಬಂದಿದ್ದರೆ ನಾನೇ ಹೊರಗೆ ಕಳಿಸುತ್ತಿದ್ದೆ. ಸಿಟ್ಟಾಗುವುದಕ್ಕೂ ಜಾಗವಿಲ್ಲದ ಅವಮಾನ ಅದು. ಮನೆಗೆ ಬಂದು ಚೀಲ ಗೂಟಕ್ಕೆ ಹಾಕಿ ಗೋಡೆಗೆ ಮುಖ ಮಾಡಿ ಕೂತೆ.

ಮರುವಾರ ವಿಜಾಪುರಕ್ಕೆ ಹೋದೆ. ಸರ್ಜನ್ ಕಾಲಿನ ರಕ್ತನಾಳದ ಡಾಪ್ಲರ್ ಸ್ಕ್ಯಾನ್ ಮಾಡಿಸಿ, ವೆರಿಕೋಸ್ ಅಲ್ಸರ್ ಅಂದರು. “ಕಾಲಾಗಿನ ರಕ್ತ ಮ್ಯಾಲ ಹೋಗವಲ್ದು, ಅಲ್ಲೇ ನಿಂದ್ರಾಕತ್ತೈತಿ. ಬಿಗಿ ಬ್ಯಾಂಡೇಜ್ ಬೇಕೇ ಬೇಕು. ಅದರ ಜೋಡಿ ಪಿ.ಆರ್.ಪಿ. ಅಂತ ಒಂದು ಮಾಡಿ ನೋಡೂನೇನು? ನಿಮ್ಮ ರಕ್ತಾನ ತಗದು, ಅದರಾಗಿನ ಪ್ಲೇಟ್‌ಲೆಟ್ ನಿಮ್ಮ ಗಾಯಕ್ಕ ಹಾಕೂದು.”

“ಗುಣ ಆಕ್ಕೈತೇನ್ರಿ?”

“ಹೊಸಾದೈತಿ. ಕೆಲವ್ರಿಗೆ ಆಗೈತಿ, ಕೆಲವ್ರಿಗೆ ಇಲ್ಲ. ಗ್ಯಾರಂಟಿ ಕೊಡಾಂಗಿಲ್ಲ.”

ಅವರು ಸುಳ್ಳು ಹೇಳಲಿಲ್ಲ ಎಂಬುದೇ ನನಗೆ ಸಾಕಾಯಿತು. ಆಮೇಲೆ ಫಾರಂ ಮುಂದಿಟ್ಟು ಕೇಳಿದರು, “ಜೋಡಿ ಯಾರು ಬಂದಾರ್ರಿ?”

“ಯಾರೂ ಇಲ್ರಿ.”

ಪೇಷಂಟ್ ಎಂದಿದ್ದ ಕಡೆ ಸಹಿ ಮಾಡಿದೆ. ಸಂಬಂಧಿಕರು ಎಂದಿದ್ದ ಕಡೆ ಅವರೇ ಒಂದು ಗೆರೆ ಎಳೆದರು. ಸಣ್ಣ ಗೆರೆ. ಎಷ್ಟೋ ಹೊತ್ತು ಅದನ್ನೇ ನೋಡಿದೆ.

ತೋಳಿನಿಂದ ರಕ್ತ ತೆಗೆದು ಟ್ಯೂಬುಗಳಿಗೆ ತುಂಬಿ ಮಷಿನ್‌ನಲ್ಲಿ ತಿರುಗಿಸಿದರು. ತೆಗೆದಾಗ ಕೆಂಪು ಕೆಳಗೆ ಕೂತಿತ್ತು, ಮೇಲೆ ಗೋಧಿಹುಲ್ಲಿನ ಬಣ್ಣದ ತಿಳಿ ನೀರು. ಊರ ತುಂಬ ರಕ್ತ ತೆಗೆದವಳಿಗೆ ಅದರೊಳಗೆ ಇಂಥದೊಂದು ಬಣ್ಣವಿರುವುದು ಅಂದೇ ಕಂಡದ್ದು. ಅದನ್ನು ಗಾಯದ ಸುತ್ತ ಚುಚ್ಚಿದರು. ಹಲ್ಲು ಕಚ್ಚಿ ಹಾಸಿಗೆಯ ಕಬ್ಬಿಣ ಹಿಡಿದುಕೊಂಡೆ. ಪಕ್ಕದ ಹಾಸಿಗೆಯ ಮುದುಕಿಯ ಕೈಯನ್ನು ಅವಳ ಸೊಸೆ ಹಿಡಿದುಕೊಂಡಿದ್ದಳು.

ವಾರಕ್ಕೊಮ್ಮೆ ಹೋಗಬೇಕಿತ್ತು. ಎರಡು ಬಸ್ಸು ಹೋಗಲು, ಎರಡು ಬರಲು. ಉಳಿದ ದಿನ ರಜೆ ಹಾಕಿ, ದಿಂಬುಗಳ ಮೇಲೆ ಕಾಲಿಟ್ಟು ಮಲಗುತ್ತಿದ್ದೆ. ಯಾರೂ ಬರುತ್ತಿರಲಿಲ್ಲ. ಕೆಲವು ದಿನ ನನ್ನ ದನಿ ನಾನೇ ಕೇಳಲಿಲ್ಲ. ಇಷ್ಟು ವರ್ಷ ಊರಿನವರ ನಡುವೆ ಇದ್ದೆ ಅಂದುಕೊಂಡಿದ್ದೆ. ಅವರ ನೋವಿನ ಹೊತ್ತಿನಲ್ಲಿ ಮಾತ್ರ ಇದ್ದೆನೇನೋ ಅನಿಸಿತು.

ಮೂರನೇ ವಾರ ಏನೂ ಆಗಿರಲಿಲ್ಲ. ಬಿಟ್ಟುಬಿಡಬೇಕೆಂದುಕೊಂಡೆ. ನಾಲ್ಕನೇ ವಾರ ಡಾಕ್ಟರು ಪಟ್ಟಿ ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

“ಅಂಚಿಗೆ ನೋಡ್ರಿ.”

ಗುಲಾಬಿ ಬಣ್ಣದ ಹೊಸ ಚರ್ಮ. ದಾರದಷ್ಟು.

ಪೂರ್ತಿ ಮುಚ್ಚಲು ಇನ್ನೂ ಮೂರು ತಿಂಗಳು ಬೇಕಾಯಿತು. ಕೊನೆಯ ದಿನ ಡಾಕ್ಟರು ಹೇಳಿದರು: “ಪಟ್ಟಿ ಸಾಕು. ಈ ಬಿಗಿ ಸ್ಟಾಕಿಂಗ್ಸ್ ಮಾತ್ರ ಬಿಡಬ್ಯಾಡ್ರಿ. ಒಳಗಿನ ನರ ಹಂಗ ಅದಾವು, ಮತ್ತ ಒಡೀಬಹುದು.” ಒಡೆಯಬಹುದು. ಅದನ್ನು ಒಪ್ಪಿಕೊಂಡೇ ಬಸ್ಸು ಹತ್ತಿದೆ.

ಸಂಜೆ ಮನೆಗೆ ಬಂದು ಹಿತ್ತಲಿನ ಕಲ್ಲಿನ ಮೇಲೆ ಕೂತೆ. ಸ್ಟಾಕಿಂಗ್ಸ್ ಕಳಚಿದೆ. ಕಾಲು ಬರಿದಾಗಿತ್ತು. ತಂಬಿಗೆಯಿಂದ ನೀರು ಸುರಿದೆ. ಹರಡಿನ ಮೇಲೆ ಹರಿದು ಬೆರಳುಗಳ ಸಂದಿಯಲ್ಲಿ ಇಳಿಯಿತು. ತಣ್ಣಗಿತ್ತು.

ಪಕ್ಕದ ಮನೆಯ ನೀಲವ್ವ ಗೋಡೆಯಾಚೆಯಿಂದ ಇಣುಕಿದಳು.

“ಏನ್ ಮಾಡಾಕತ್ತೀರಿ ಸಿಸ್ಟರ್‌ಬಾಯಿ?”

“ಕಾಲು ತೊಳಕೊಳ್ಳಾಕತ್ತೇನಿ.”

“ಹೌದ್ರಿ?” ಅಂದು ಅವಳು ಒಳಗೆ ಹೋದಳು. ಅವಳಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಕ್ಕಿಲ್ಲ.

ನಾನು ಇನ್ನೊಂದು ತಂಬಿಗೆ ಸುರಿದುಕೊಂಡೆ.